ಬೇಡದ ಟೆಸ್ಟ್, ಬೇಡದ ಸ್ಕ್ಯಾನಿಂಗ್: ಡಾಕ್ಟರ್ ಯಾಕೆ ಬರೆಯುತ್ತಾರೆ? ನಾವು ಏನು ಕೇಳಬೇಕು?

ಅಲ್ ಮುರಕ್ಕಬಾತ್, ದುಬೈ: ಅಲ್ ರಿಗ್ಗಾ ಮೆಟ್ರೊ ನಿಲ್ದಾಣದಿಂದ ಇಳಿದು ಮುರಕ್ಕಬಾತ್ ಕಡೆಗೆ ಹತ್ತು ನಿಮಿಷ ನಡೆದರೆ ಸಾಕು, ಹೋಟೆಲು ಹಾಗೂ ಟ್ರಾವೆಲ್ಸ್ ಬೋರ್ಡುಗಳ ನಡುವೆ ಕ್ಲಿನಿಕ್, ಲ್ಯಾಬ್, ಫಾರ್ಮಸಿಗಳ ಬೋರ್ಡುಗಳು ಸಾಲುಸಾಲಾಗಿ ಕಾಣಿಸುತ್ತವೆ. ದೇರಾ ಭಾಗದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇದೊಂದು ದೊಡ್ಡ ಅನುಕೂಲ. ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತನಾಡುವ ವೈದ್ಯರು, ನರ್ಸ್‌ಗಳು ಕೂಡಾ ಇಲ್ಲಿ ಸಿಗುತ್ತಾರೆ. ಆದರೆ ನಮ್ಮ ಬಂಧುಗಳು ಎಲ್ಲಿ ಸೇರಿದರೂ ಕೇಳಿಬರುವ ಒಂದು ಪ್ರಶ್ನೆಯಿದೆ: "ಸಣ್ಣ ಜ್ವರಕ್ಕೆ ಹೋದದ್ದು ಮಾರಾಯ್ರೆ, ಆರು ಟೆಸ್ಟ್ ಬರೆದು ಕೊಟ್ಟರು. ಇದೆಲ್ಲಾ ನಿಜವಾಗಿ ಬೇಕಿತ್ತಾ?"

ಈ ಪ್ರಶ್ನೆಗೆ "ಎಲ್ಲಾ ದುಡ್ಡಿಗಾಗಿ" ಎಂಬ ಒಂದೇ ಮಾತಿನ ಉತ್ತರ ಕೊಟ್ಟು ಸುಮ್ಮನಾಗುವುದು ಸುಲಭ. ಆದರೆ ಅದು ಪೂರ್ತಿ ಸತ್ಯವಲ್ಲ. ವೈದ್ಯರ ಭಯ, ಸಮಯದ ಅಭಾವ, ಹಣದ ಲೆಕ್ಕಾಚಾರ, ನಮ್ಮ ಒತ್ತಾಯ ಎಲ್ಲವೂ ಸೇರಿಯೇ ಆ ಚೀಟಿ ಉದ್ದವಾಗುತ್ತದೆ. ಅನಿವಾಸಿ ಕನ್ನಡಿಗರಿಗೆ ಈ ವಿಷಯ ಎರಡು ಪಟ್ಟು ಮುಖ್ಯ. ಇಲ್ಲಿ ನಮ್ಮ ಮತ್ತು ನಮ್ಮ ಮಕ್ಕಳ ಆರೋಗ್ಯದ ವಿಚಾರವಾದರೆ, ಊರಿನಲ್ಲಿ ವಯಸ್ಸಾದ ತಂದೆ ತಾಯಿಯ ಆಸ್ಪತ್ರೆ ಬಿಲ್ಲನ್ನು ಫೋನಿನಲ್ಲೇ ನಿರ್ಧರಿಸಿ ಹಣ ಕಳುಹಿಸುವವರೂ ನಾವೇ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಓದುಗರ ಮುಂದಿಡುತ್ತಿದ್ದೇವೆ.

ಬೆಂಗಳೂರಿನಲ್ಲಿ ಬಯಲಾದ ಲೆಕ್ಕ

ಹಣದ ವಿಷಯವನ್ನೇ ಮೊದಲು ನೋಡೋಣ. ಲ್ಯಾಬ್‌ನವರು ಡಾಕ್ಟರರಿಗೆ ಕಮಿಷನ್ ಕೊಡುತ್ತಾರೆ ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ಹಳೆಯದು. ಆದರೆ ಅದಕ್ಕೆ ಅಂಕಿ ಅಂಶ ಸಿಕ್ಕಿದ್ದು 2017ರಲ್ಲಿ. ಆ ವರ್ಷದ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆಯವರು ಬೆಂಗಳೂರಿನ 5 ಡಯಾಗ್ನೋಸ್ಟಿಕ್ ಕೇಂದ್ರಗಳು ಹಾಗೂ 2 ಐವಿಎಫ್ ಕೇಂದ್ರಗಳಲ್ಲಿ ಮೂರು ದಿನ ಶೋಧ ನಡೆಸಿದರು. ಡಿಸೆಂಬರ್ ಆರಂಭದಲ್ಲಿ ಇಲಾಖೆ ನೀಡಿದ ಪ್ರಕಟಣೆ ರಾಜ್ಯದಲ್ಲೆಲ್ಲಾ ಸುದ್ದಿಯಾಯಿತು.

ಇಲಾಖೆ ಹೇಳಿದ್ದು ಇಷ್ಟು. ರೋಗಿಗಳನ್ನು ಕಳುಹಿಸಿಕೊಟ್ಟ ವೈದ್ಯರಿಗೆ ಎಂಆರ್‌ಐ ಸ್ಕ್ಯಾನಿಂಗ್‌ನಲ್ಲಿ ಸುಮಾರು ಶೇ. 35, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಪರೀಕ್ಷೆಗಳಲ್ಲಿ ಸುಮಾರು ಶೇ. 20 ಕಮಿಷನ್ ಹೋಗುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಇದನ್ನು ಮಾರ್ಕೆಟಿಂಗ್ ಖರ್ಚು ಎಂದು ಬರೆಯಲಾಗುತ್ತಿತ್ತು. ಕೆಲವರಿಗೆ ಹದಿನೈದು ದಿನಕ್ಕೊಮ್ಮೆ ನಗದು. ಇನ್ನು ಕೆಲವರಿಗೆ ಚೆಕ್ ಮೂಲಕ, ಅದೂ "ವೃತ್ತಿ ಶುಲ್ಕ" ಎಂಬ ಹೆಸರಿನಲ್ಲಿ! ಅಂದರೆ ಆ ವೈದ್ಯರು ಲ್ಯಾಬ್‌ನ ಸಲಹೆಗಾರರು ಎಂದು ಕಾಗದದಲ್ಲಿ ಒಪ್ಪಂದ ಇರುತ್ತದೆ, ಆದರೆ ಅವರು ಆ ಲ್ಯಾಬ್‌ಗೆ ಕಾಲಿಡುವುದೂ ಇಲ್ಲ, ರಿಪೋರ್ಟ್ ಬರೆಯುವುದೂ ಇಲ್ಲ. ಈ ಶೋಧದಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಅಘೋಷಿತ ಆದಾಯವನ್ನು ಒಪ್ಪಿಕೊಳ್ಳಲಾಗಿದೆ ಎಂದು ಇಲಾಖೆ ತಿಳಿಸಿತು.

ಈ ಲೆಕ್ಕವನ್ನು ನಮ್ಮ ಮನೆಯ ಲೆಕ್ಕಕ್ಕೆ ಇಳಿಸಿ ನೋಡಿ. ಊರಿನಲ್ಲಿ 7,000 ರೂಪಾಯಿಯ ಒಂದು ಎಂಆರ್‌ಐ ಮಾಡಿಸಿದಿರಿ ಎಂದಿಟ್ಟುಕೊಳ್ಳೋಣ. ಶೇ. 35ರ ದರದಲ್ಲಿ ಅದರಲ್ಲಿ 2,450 ರೂಪಾಯಿ ಸ್ಕ್ಯಾನಿಂಗ್‌ಗೆ ಸಂಬಂಧವೇ ಇಲ್ಲದ ಖರ್ಚು. ಚೀಟಿ ಬರೆದವರು ಒಂದು ಕನ್ಸಲ್ಟೇಶನ್‌ಗೆ ಪಡೆಯುವ ಫೀಸಿಗಿಂತ ಇದೇ ಹೆಚ್ಚಾಗಬಹುದು. ಇಂತಹ ಕಡೆ "ಸ್ಕ್ಯಾನಿಂಗ್ ಬೇಡ, ವಿಶ್ರಾಂತಿ ಮಾಡಿ" ಎಂದು ಹೇಳುವ ವೈದ್ಯರಿಗೆ ಆ ಮಾತಿನಿಂದಲೇ ನಷ್ಟ!

ಇದು ಕಾನೂನಿಗೆ ವಿರುದ್ಧ ಎಂಬುದನ್ನೂ ಹೇಳಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ರೋಗಿಯನ್ನು ಕಳುಹಿಸಿಕೊಟ್ಟದ್ದಕ್ಕೆ ವೈದ್ಯರು ಕಮಿಷನ್ ಕೊಡುವಂತಿಲ್ಲ, ಪಡೆಯುವಂತಿಲ್ಲ. ನಿಯಮ ಇದ್ದೂ ವ್ಯವಹಾರ ನಡೆಯುತ್ತದೆ ಎಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದನ್ನು ಹೊರಗಿನವರು ಮಾತ್ರ ಹೇಳುತ್ತಿಲ್ಲ. ಪುಣೆಯ ಡಾ. ಅರುಣ್ ಗದ್ರೆ ಮತ್ತು ಡಾ. ಅಭಯ್ ಶುಕ್ಲಾ ಅವರು 78 ವೈದ್ಯರನ್ನು ಮಾತನಾಡಿಸಿ ಬರೆದ ಪುಸ್ತಕ 2016ರಲ್ಲಿ ಪ್ರಕಟವಾಯಿತು. ತಮ್ಮದೇ ವೃತ್ತಿಯೊಳಗಿನ ಕಮಿಷನ್, ಬೇಡದ ಪರೀಕ್ಷೆ, ಕಾರ್ಪೊರೇಟ್ ಆಸ್ಪತ್ರೆಗಳ ಒತ್ತಡಗಳ ಬಗ್ಗೆ ವೈದ್ಯರೇ ಅದರಲ್ಲಿ ಮಾತನಾಡಿದ್ದಾರೆ. ಕಮಿಷನ್ ಮುಟ್ಟದೆ ದುಡಿಯುವ ವೈದ್ಯರು ನಮ್ಮ ನಾಡಿನಲ್ಲಿ ಬಹಳಷ್ಟು ಮಂದಿ ಇದ್ದಾರೆ. ಈ ವ್ಯವಸ್ಥೆಯಿಂದ ಅತಿ ಹೆಚ್ಚು ನೊಂದವರು ಬಹುಶಃ ಅವರೇ.

ಕಮಿಷನ್ ಇಲ್ಲದಿದ್ದರೂ ಟೆಸ್ಟ್ ಯಾಕೆ?

ಈಗ ಒಂದು ಪ್ರಶ್ನೆ. ಒಂದು ಪೈಸೆ ಕಮಿಷನ್ ಇಲ್ಲದ ಕಡೆಯೂ ಬೇಡದ ಪರೀಕ್ಷೆ ಬರೆಯುತ್ತಾರಲ್ಲ, ಅದು ಯಾಕೆ? ಮುಖ್ಯವಾಗಿ ನಾಲ್ಕು ಕಾರಣಗಳು ಕಾಣುತ್ತವೆ.

ಒಂದು, ಭಯ. 1995ರ ನವೆಂಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಪು ನೀಡಿತು. ರೋಗಿಗಳಿಗೆ ಇದರಿಂದ ಬಹಳ ಉಪಕಾರವಾಯಿತು. 2013ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಅನಿವಾಸಿ ಭಾರತೀಯ ವೈದ್ಯ ಡಾ. ಕುನಾಲ್ ಸಹಾ ಅವರ ಪತ್ನಿಯ ಸಾವಿನ ಪ್ರಕರಣದಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರಕ್ಕೆ ಸುಪ್ರೀಂ ಕೋರ್ಟ್ ಆದೇಶಿಸಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಇದರ ಇನ್ನೊಂದು ಮಗ್ಗುಲಲ್ಲಿ "ನಾಳೆ ನನ್ನ ಮೇಲೆ ಕೇಸ್ ಬಂದರೆ?" ಎಂಬ ಅಳುಕು ವೈದ್ಯರ ಮನಸ್ಸಿನಲ್ಲಿ ಉಳಿಯಿತು. ಯುಎಇಯಲ್ಲೂ 2016ರಲ್ಲಿ ಬಂದ ವೈದ್ಯಕೀಯ ಹೊಣೆಗಾರಿಕೆ ಕಾನೂನು ಇದೆ. ಪರದೇಶದಲ್ಲಿ ದುಡಿಯುವ ವೈದ್ಯರಿಗೆ ಲೈಸೆನ್ಸ್ ಹೋದರೆ ಕೆಲಸವೂ ಹೋಗುತ್ತದೆ, ವೀಸಾವೂ ಹೋಗುತ್ತದೆ. ಹೀಗಾಗಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಏನೂ ಇಲ್ಲವೆಂದು ಗೊತ್ತಿದ್ದರೂ, "ಒಂದು ಸ್ಕ್ಯಾನಿಂಗ್ ಇರಲಿ, ಫೈಲ್‌ನಲ್ಲಿ ದಾಖಲೆ ಇರಲಿ" ಎಂದು ಬರೆದುಬಿಡುತ್ತಾರೆ. ಆ ಸ್ಕ್ಯಾನಿಂಗ್ ರೋಗಿಗಿಂತ ಹೆಚ್ಚಾಗಿ ವೈದ್ಯರ ರಕ್ಷಣೆಗಾಗಿ!

ಎರಡು, ಸಮಯ. 2017ರಲ್ಲಿ ಪ್ರಕಟವಾದ 67 ದೇಶಗಳ ಒಂದು ಅಧ್ಯಯನದ ಪ್ರಕಾರ, ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್‌ನಲ್ಲಿ ಸರಾಸರಿ 22 ನಿಮಿಷ, ಭಾರತದಲ್ಲಿ ಸುಮಾರು 2 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಹಳೆಯ ಕಾಲದ ನಮ್ಮ ಊರಿನ ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ ನೋಡಿ, ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಇತ್ತು ಎಂದು ವಿಚಾರಿಸಿ ಅರ್ಧ ರೋಗವನ್ನು ಅಲ್ಲೇ ಪತ್ತೆ ಮಾಡುತ್ತಿದ್ದರು. ಎರಡು ನಿಮಿಷದಲ್ಲಿ ಅದು ಸಾಧ್ಯವಿಲ್ಲ. ಪ್ರಶ್ನೆ ಕೇಳುವುದಕ್ಕಿಂತ ಟೆಸ್ಟ್ ಬರೆಯುವುದು ಬೇಗ ಆಗುವ ಕೆಲಸ.

ಮೂರು, ಯಂತ್ರದ ಸಾಲ. ಒಂದು ಎಂಆರ್‌ಐ ಯಂತ್ರಕ್ಕೆ ಕೋಟಿಗಟ್ಟಲೆ ರೂಪಾಯಿ ಬೇಕು. ಬ್ಯಾಂಕಿನ ಕಂತು ತಿಂಗಳು ತಿಂಗಳು ಕಟ್ಟಲೇಬೇಕು. ಯಂತ್ರ ಖಾಲಿ ನಿಂತರೆ ನಷ್ಟ. ಇಂತಹ ಆಸ್ಪತ್ರೆಯಲ್ಲಿ "ಈ ತಿಂಗಳು ನಿಮ್ಮ ವಿಭಾಗದಿಂದ ಇಷ್ಟು ಬರಬೇಕು" ಎಂಬ ಟಾರ್ಗೆಟ್ ಸಂಬಳದ ವೈದ್ಯರ ತಲೆಯ ಮೇಲೂ ಬರುವುದುಂಟು. ಇನ್ನು ಪ್ರತಿ ಪರೀಕ್ಷೆಗೂ ಬೇರೆ ಬೇರೆ ಬಿಲ್ ಮಾಡುವ ಪದ್ಧತಿ ಇರುವಲ್ಲೆಲ್ಲಾ ಹೆಚ್ಚು ಮಾಡಿದಷ್ಟೂ ಹೆಚ್ಚು ಆದಾಯ. ಆಸ್ಪತ್ರೆಗೆ ಸೇರುವ ಒಳರೋಗಿಗಳಿಗೆ ಒಂದು ಕಾಯಿಲೆಗೆ ಒಂದು ದರ ಎಂಬ ಡಿಆರ್‌ಜಿ ಪದ್ಧತಿಯನ್ನು ಅಬುಧಾಬಿ ಮತ್ತು ದುಬೈ ಎರಡೂ ತಂದಿರುವುದಕ್ಕೆ ಇದೂ ಒಂದು ಕಾರಣ.

ನಾಲ್ಕು, ನಾವು. ಹೌದು ಓದುಗರೇ, ರೋಗಿಗಳೂ ಅವರ ಮನೆಯವರೂ ಕೇಳಿ ಕೇಳಿ ಬರೆಸಿಕೊಳ್ಳುವ ಪರೀಕ್ಷೆಗಳು ಕಡಿಮೆಯೇನಿಲ್ಲ. "ಬರೀ ಮಾತ್ರೆ ಕೊಟ್ಟು ಕಳಿಸಿದರು, ಒಂದು ಬ್ಲಡ್ ಟೆಸ್ಟ್ ಕೂಡ ಮಾಡಲಿಲ್ಲ, ಎಂಥಾ ಡಾಕ್ಟರ್?" ಎನ್ನುವ ಮಾತನ್ನು ಕೇಳದವರು ಯಾರು? ಅನಿವಾಸಿಗಳಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ಅಮ್ಮ ಊರಿನಲ್ಲಿ ಒಬ್ಬರೇ ಇದ್ದಾರೆ, ನಾವು ಹತ್ತಿರ ಇಲ್ಲ ಎಂಬ ನೋವು ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ. ಫೋನ್ ಬಂದ ತಕ್ಷಣ ಬಾಯಿಂದ ಬರುವ ಮಾತು, "ಖರ್ಚು ಎಷ್ಟಾದರೂ ಪರವಾಗಿಲ್ಲ ಡಾಕ್ಟ್ರೇ, ಎಲ್ಲಾ ಚೆಕ್ ಮಾಡಿಸಿ." ಹತ್ತಿರ ಕೂತು ಕೈ ಹಿಡಿಯಲಾಗದವರು ಸ್ಕ್ಯಾನಿಂಗ್ ಮಾಡಿಸಿ ಸಮಾಧಾನ ಪಟ್ಟುಕೊಳ್ಳುತ್ತಾರೆ. "ಮಗ ದುಬೈಯಲ್ಲಿ" ಎಂಬ ಮಾತು ಕೌಂಟರಿನಲ್ಲಿ ಕೇಳಿಸಿದರೆ ಚೀಟಿ ಇನ್ನೂ ಉದ್ದವಾಗುವ ಅಪಾಯವೂ ಇಲ್ಲದಿಲ್ಲ.

ಒಂದು ಟೆಸ್ಟ್ ಹೆಚ್ಚಾದರೆ ಏನು ನಷ್ಟ?

"ದುಡ್ಡು ಹೋದರೆ ಹೋಗಲಿ, ಮಾಡಿಸಿದರೆ ಒಳ್ಳೆಯದೇ ತಾನೆ?" ಎಂದು ಕೇಳುವವರಿದ್ದಾರೆ. ಇಲ್ಲಿಯೇ ನಿಜವಾದ ವಿಷಯ ಇರುವುದು. ಬೇಡದ ಪರೀಕ್ಷೆಯಿಂದ ಬರುವ ದೊಡ್ಡ ತೊಂದರೆ ಅದರ ಬಿಲ್ಲಿನಿಂದಲ್ಲ, ಅದರ ಫಲಿತಾಂಶದಿಂದ.

ರಕ್ತಪರೀಕ್ಷೆಯ ರಿಪೋರ್ಟ್‌ನಲ್ಲಿ "ನಾರ್ಮಲ್" ಎಂದು ಕೊಡುವ ಮಿತಿಯನ್ನು ಸಾಮಾನ್ಯವಾಗಿ ಹೀಗೆ ನಿಗದಿ ಮಾಡುತ್ತಾರೆ: ಆರೋಗ್ಯವಂತರಾದ 100 ಮಂದಿಯ ರಕ್ತ ಪರೀಕ್ಷಿಸಿ, ಅವರಲ್ಲಿ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯ ತನಕ ಇದೆಯೋ ಅದು ನಾರ್ಮಲ್. ಅಂದರೆ ಏನೂ ಕಾಯಿಲೆ ಇಲ್ಲದ 5 ಮಂದಿ ಕೂಡಾ ಆ ಗೆರೆಯ ಹೊರಗೆ ಬೀಳುತ್ತಾರೆ. ಒಂದೇ ಪರೀಕ್ಷೆಯಾದರೆ ಚಿಂತೆಯಿಲ್ಲ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ? ಲೆಕ್ಕ ಹಾಕಿದರೆ, ಪೂರ್ಣ ಆರೋಗ್ಯವಂತರಲ್ಲೂ 100ಕ್ಕೆ 64 ಮಂದಿಯ ರಿಪೋರ್ಟ್‌ನಲ್ಲಿ ಕನಿಷ್ಠ ಒಂದು ಸಾಲಾದರೂ ದಪ್ಪಕ್ಷರದಲ್ಲಿ "ಹೈ" ಅಥವಾ "ಲೋ" ಎಂದು ಬರುತ್ತದೆ. ಫುಲ್ ಬಾಡಿ ಚೆಕಪ್ ಮಾಡಿಸಿದವರ ರಿಪೋರ್ಟ್‌ನಲ್ಲಿ ಏನಾದರೂ ಒಂದು ಯಾವಾಗಲೂ ಇರುವುದು ಇದಕ್ಕೇ.

ಇನ್ನೊಂದು ಲೆಕ್ಕ. ಒಂದು ಕಾಯಿಲೆ ಸಾವಿರಕ್ಕೆ ಒಬ್ಬರಿಗೆ ಮಾತ್ರ ಇದೆ. ಪರೀಕ್ಷೆ ಕಾಯಿಲೆ ಇಲ್ಲದವರಲ್ಲಿ ಶೇ. 5 ಮಂದಿಗೆ ತಪ್ಪಾಗಿ "ಇದೆ" ಎಂದು ತೋರಿಸುತ್ತದೆ. ಒಬ್ಬರಿಗೆ "ಇದೆ" ಎಂದು ಬಂದರೆ ಅವರಿಗೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? 1978ರಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಆಸ್ಪತ್ರೆಗಳಲ್ಲಿ ಈ ಪ್ರಶ್ನೆಯನ್ನು 60 ಮಂದಿ ವೈದ್ಯರು ಮತ್ತು ವಿದ್ಯಾರ್ಥಿಗಳಿಗೆ ಕೇಳಲಾಯಿತು. ಸುಮಾರು ಅರ್ಧದಷ್ಟು ಮಂದಿ ಕೊಟ್ಟ ಉತ್ತರ ಶೇ. 95. ಸರಿಯಾದ ಉತ್ತರ ಸುಮಾರು ಶೇ. 2! ಸಾವಿರ ಮಂದಿಯಲ್ಲಿ ನಿಜವಾದ ರೋಗಿ ಒಬ್ಬರು, ಸುಮ್ಮನೆ ಹೆದರಿದವರು 50 ಮಂದಿ. 60 ಜನರಲ್ಲಿ ಸರಿ ಉತ್ತರ ಹೇಳಿದವರು 11 ಮಂದಿ ಮಾತ್ರ. ಲಕ್ಷಣ ಇಲ್ಲದವರಿಗೆ, ಅಪರೂಪದ ಕಾಯಿಲೆ ಹುಡುಕುತ್ತಾ ಹೋದರೆ ಗುಡ್ಡ ಅಗೆದು ಇಲಿ ಹಿಡಿದಂತೆ ಆಗುವುದು ಹೀಗೆ.

ಹೀಗೆ ಹೆದರಿದವರಿಗೆ ಎರಡನೇ ಪರೀಕ್ಷೆ, ಮೂರನೇ ಸ್ಕ್ಯಾನಿಂಗ್, ಬಯಾಪ್ಸಿ, ಕೆಲವೊಮ್ಮೆ ಆಪರೇಷನ್. ಇದು ಕೇವಲ ಊಹೆಯಲ್ಲ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಕ್ಯಾನ್ಸರ್ ತಪಾಸಣೆ ಮಾಡಿಸಲು ಬಂದವರಿಗೆ, ಸ್ವಲ್ಪ ಹಣ ಹೆಚ್ಚು ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡಾ ಮಾಡುವ ಪದ್ಧತಿ ಹರಡಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಹೆಚ್ಚಾಯಿತು. ಆದರೆ ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣದಲ್ಲಿ ಬದಲಾವಣೆಯೇ ಇಲ್ಲ! ಎಂದೂ ತೊಂದರೆ ಕೊಡದೆ ಇದ್ದಲ್ಲೇ ಇರುತ್ತಿದ್ದ ಸಣ್ಣ ಗಂಟುಗಳನ್ನು ಹುಡುಕಿ ಹುಡುಕಿ ಸಾವಿರಾರು ಮಂದಿಯ ಗ್ರಂಥಿಯನ್ನೇ ತೆಗೆಯಲಾಯಿತು. ಅವರಲ್ಲಿ ಹೆಚ್ಚಿನವರಿಗೆ ಜೀವನ ಪೂರ್ತಿ ಮಾತ್ರೆ, ಕೆಲವರಿಗೆ ಸ್ವರವೇ ಹೋಯಿತು. 2014ರಲ್ಲಿ ಅಲ್ಲಿನ ವೈದ್ಯರೇ ಈ ಬಗ್ಗೆ ಧ್ವನಿ ಎತ್ತಿದ ಮೇಲೆ ಆಪರೇಷನ್‌ಗಳು ಇಳಿದವು.

ಬೆನ್ನುನೋವಿನ ವಿಷಯ ನಮ್ಮವರಿಗೆ ಇನ್ನೂ ಹತ್ತಿರ. ದಿನವಿಡೀ ಆಫೀಸ್ ಕುರ್ಚಿ, ಡ್ರೈವಿಂಗ್, ಸೈಟ್ ಕೆಲಸ ಎಂದು ದುಡಿಯುವವರಿಗೆ ಸೊಂಟ ಹಿಡಿಯುವುದು ಸಾಮಾನ್ಯ. ಎಂಆರ್‌ಐ ಮಾಡಿಸಿದರೆ "ಡಿಸ್ಕ್ ಬಲ್ಜ್" ಎಂದು ರಿಪೋರ್ಟ್ ಬರುತ್ತದೆ, ಮನೆಯವರೆಲ್ಲಾ ಹೌಹಾರುತ್ತಾರೆ. ಆದರೆ 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಬೆನ್ನುನೋವೇ ಇಲ್ಲದ 20ರ ಹರೆಯದವರಲ್ಲಿ ಶೇ. 30 ಮಂದಿಗೆ, 80 ವರ್ಷದವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಬಲ್ಜ್ ಕಾಣುತ್ತದೆ. ತಲೆಕೂದಲು ನೆರೆಯುವಂತೆ ಬೆನ್ನೆಲುಬೂ ಸವೆಯುತ್ತದೆ, ಅಷ್ಟೆ. ಹೆಚ್ಚಿನ ಸೊಂಟನೋವು ನಾಲ್ಕರಿಂದ ಆರು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆದುದರಿಂದಲೇ ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರ ಸ್ಕ್ಯಾನಿಂಗ್ ಬೇಡ ಎಂದು ವೈದ್ಯ ಸಂಘಗಳೇ ಸಲಹೆ ನೀಡಿವೆ.

ವಿಕಿರಣದ ವಿಷಯವನ್ನೂ ಮರೆಯುವಂತಿಲ್ಲ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಕಿರಣ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಇದೆ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ನಿಂದ ದೇಹಕ್ಕೆ ಸೇರುವುದು ಸುಮಾರು 8ರಿಂದ 10 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ಸಿಗುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4. ಅಂದರೆ ಮೂರು ನಾಲ್ಕು ವರ್ಷದ್ದು ಒಂದೇ ದಿನ! ಅಗತ್ಯ ಇದ್ದಾಗ ಇದಕ್ಕೆ ಹೆದರಬೇಕಾಗಿಲ್ಲ, ಒಬ್ಬೊಬ್ಬರಿಗೆ ಅಪಾಯ ಬಹಳ ಸಣ್ಣದು. ಆದರೆ ಸುಮ್ಮಸುಮ್ಮನೆ, ಅದರಲ್ಲೂ ಚಿಕ್ಕ ಮಕ್ಕಳಿಗೆ, ಮತ್ತೆ ಮತ್ತೆ ಮಾಡಿಸುವುದು ಸರಿಯಲ್ಲ.

ರಜೆಯ ಪ್ಯಾಕೇಜ್ ಮತ್ತು ಎರಡು ದೇಶಗಳ ಫೈಲ್

ಜುಲೈ, ಆಗಸ್ಟ್ ಬಂತೆಂದರೆ ನಮ್ಮಲ್ಲಿ ಬಹಳ ಮಂದಿ ಊರಿಗೆ ಹೊರಡುತ್ತಾರೆ. ಮದುವೆ, ಮನೆ ಒಕ್ಕಲು, ದೇವಸ್ಥಾನಗಳ ಪಟ್ಟಿಯ ಜೊತೆಗೆ "ಮಂಗಳೂರಿನಲ್ಲಿ ಒಂದು ಫುಲ್ ಬಾಡಿ ಚೆಕಪ್" ಎಂಬುದೂ ಸೇರಿಕೊಂಡಿರುತ್ತದೆ. ಇಂತಹ ಸಾಮಾನ್ಯ ಆರೋಗ್ಯ ತಪಾಸಣೆಗಳಿಂದ ಏನು ಪ್ರಯೋಜನ ಎಂದು ಕಾಕ್ರೇನ್ ಸಂಸ್ಥೆ 2019ರಲ್ಲಿ ಎರಡೂವರೆ ಲಕ್ಷ ಮಂದಿ ಭಾಗವಹಿಸಿದ್ದ ಅಧ್ಯಯನಗಳನ್ನು ಒಟ್ಟು ಸೇರಿಸಿ ಪರಿಶೀಲಿಸಿತು. ತಪಾಸಣೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯಾದದ್ದು ಕಂಡುಬರಲಿಲ್ಲ.

ಹಾಗೆಂದು ಯಾವ ತಪಾಸಣೆಯೂ ಬೇಡ ಎಂದು ಅರ್ಥವಲ್ಲ. ನಮ್ಮ ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ ಬೇರೆಯವರಿಗಿಂತ ಚಿಕ್ಕ ವಯಸ್ಸಿನಲ್ಲಿ, ದಪ್ಪ ಇಲ್ಲದಿದ್ದರೂ ಬರುತ್ತದೆ. ಆದುದರಿಂದ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸುವುದು, ಹೆಣ್ಣುಮಕ್ಕಳು ವಯಸ್ಸಿಗೆ ತಕ್ಕಂತೆ ಗರ್ಭಕಂಠದ ಮತ್ತು ಸ್ತನದ ತಪಾಸಣೆ ಮಾಡಿಸುವುದು ಖಂಡಿತ ಅಗತ್ಯ. ಇವುಗಳಿಂದ ಉಪಕಾರ ಇದೆ ಎಂಬುದು ಸಾಬೀತಾಗಿದೆ. ಆದರೆ ಪ್ಯಾಕೇಜಿಗೆ ತೂಕ ಬರಲೆಂದು ಸೇರಿಸುವ ಟ್ಯೂಮರ್ ಮಾರ್ಕರ್‌ಗಳ ವಿಷಯ ಬೇರೆ. ಉದಾಹರಣೆಗೆ ಸಿಎ-125 ಎಂಬ ಪರೀಕ್ಷೆಯ ಅಂಕಿ ಮುಟ್ಟಿನ ಸಮಯದಲ್ಲಿ, ಗರ್ಭಿಣಿಯಾಗಿರುವಾಗಲೂ ಏರುತ್ತದೆ. ಆರೋಗ್ಯವಾಗಿರುವ ಹೆಣ್ಣುಮಗಳಿಗೆ ಅದು ತರುವುದು ನಿದ್ದೆಯಿಲ್ಲದ ರಾತ್ರಿಗಳನ್ನು ಮಾತ್ರ. ವಿಟಮಿನ್ ಡಿ ಕೊರತೆ ಈ ಬಿಸಿಲಿನ ನಾಡಿನಲ್ಲೂ ಸಾಮಾನ್ಯ, ನಿಜ. ಆದರೂ ಆರೋಗ್ಯವಂತ ವಯಸ್ಕರಿಗೆ ಸುಮ್ಮನೆ ಆ ಪರೀಕ್ಷೆ ಬೇಡ ಎಂದು ಹಾರ್ಮೋನ್ ತಜ್ಞರ ಅಂತಾರಾಷ್ಟ್ರೀಯ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಹೇಳಿದೆ. ಊರಿನಲ್ಲಿ ಜ್ವರ ಬಂದ ಕೂಡಲೇ ಮಾಡಿಸುವ ವೀಡಾಲ್ ಪರೀಕ್ಷೆಯೂ ಹಾಗೆಯೇ. ಹಿಂದೆ ಯಾವಾಗಲೋ ಟೈಫಾಯಿಡ್ ಬಂದಿದ್ದರೂ, ಲಸಿಕೆ ಹಾಕಿಸಿಕೊಂಡಿದ್ದರೂ ಅದು "ಪಾಸಿಟಿವ್" ಎನ್ನಬಹುದು. ಟೈಫಾಯಿಡ್ ಖಚಿತಪಡಿಸಲು ಬ್ಲಡ್ ಕಲ್ಚರ್ ಹೆಚ್ಚು ನಂಬಿಕೆಗೆ ಅರ್ಹ.

ಅನಿವಾಸಿಗಳಿಗೆ ಇನ್ನೊಂದು ಸಮಸ್ಯೆ ಫೈಲ್. ಮೇ ತಿಂಗಳಲ್ಲಿ ದುಬೈಯಲ್ಲಿ ಮಾಡಿಸಿದ ಟೆಸ್ಟ್ ಜುಲೈಯಲ್ಲಿ ಊರಿನಲ್ಲಿ ಮತ್ತೊಮ್ಮೆ, ಸೆಪ್ಟೆಂಬರ್‌ನಲ್ಲಿ ಇಲ್ಲಿ ಮಗದೊಮ್ಮೆ. ಹಳೆಯ ರಿಪೋರ್ಟ್ ಕೈಯಲ್ಲಿ ಇಲ್ಲದಿದ್ದರೆ ಯಾವ ವೈದ್ಯರೂ ಹೊಸದಾಗಿ ಬರೆಯಲೇಬೇಕಾಗುತ್ತದೆ. ದುಬೈಯ ಆಸ್ಪತ್ರೆಗಳ ದಾಖಲೆಗಳನ್ನು ಒಂದುಗೂಡಿಸುವ ನಬಿಧ್, ಅಬುಧಾಬಿಯಲ್ಲಿ 2019ರಲ್ಲಿ ಆರಂಭವಾದ ಮಲಾಫಿ ವ್ಯವಸ್ಥೆಗಳು ಇಲ್ಲಿನ ಮಟ್ಟಿಗೆ ಈ ತೊಂದರೆಯನ್ನು ಕಡಿಮೆ ಮಾಡುತ್ತವೆ. ಆದರೆ ಇಲ್ಲಿಂದ ಊರಿಗೆ, ಊರಿನಿಂದ ಇಲ್ಲಿಗೆ ಫೈಲ್ ಹೊತ್ತು ತರಬೇಕಾದವರು ನಾವೇ.

ಇನ್ಶೂರೆನ್ಸ್ ಇದೆಯಲ್ಲ, ನಮಗೇನು?

ಅಬುಧಾಬಿಯಲ್ಲಿ 2006ರಿಂದ ಆರೋಗ್ಯ ವಿಮೆ ಕಡ್ಡಾಯವಾಯಿತು. ದುಬೈಯಲ್ಲಿ 2013ರ 11ನೇ ಕಾನೂನಿನ ಮೂಲಕ ಹಂತ ಹಂತವಾಗಿ ಜಾರಿಗೆ ಬಂತು. ಉಳಿದ ಎಮಿರೇಟ್‌ಗಳಿಗೂ 2025ರ ಜನವರಿಯಿಂದ ವಿಸ್ತರಣೆಯಾಗಿದೆ. ದೊಡ್ಡ ಖರ್ಚಿನ ಭಯ ಇದರಿಂದ ಬಹಳಷ್ಟು ದೂರವಾಗಿದೆ, ಸಂತೋಷ. ಆದರೆ ಕಾರ್ಡ್ ತೋರಿಸಿದರೆ ಎಲ್ಲವೂ ಉಚಿತ ಎಂಬ ಭಾವನೆ ಬೇಡ.

ದುಬೈಯ ಮೂಲ ವಿಮಾ ಯೋಜನೆಯಲ್ಲಿ ವರ್ಷದ ಮಿತಿ 1,50,000 ದಿರ್ಹಾಂ ಎಂದು ನಿಗದಿಯಾಗಿತ್ತು. ಹೊರರೋಗಿಯಾಗಿ ಹೋದಾಗ ತಪಾಸಣೆ ಮತ್ತು ಪರೀಕ್ಷೆಗಳಲ್ಲಿ ಶೇ. 20ರಷ್ಟು ಪಾಲು ರೋಗಿಯದು. ಕಡಿಮೆ ಸಂಬಳದ ನಮ್ಮ ಕಾರ್ಮಿಕ ಬಂಧುವಿಗೆ 500 ದಿರ್ಹಾಂಗಳ ಪರೀಕ್ಷೆ ಬರೆದರೆ ಕೈಯಿಂದ 100 ದಿರ್ಹಾಂ ಹೋಗುತ್ತದೆ, ಅದು ಅವರ ಕೆಲವು ದಿನಗಳ ಊಟದ ಖರ್ಚು. ಕಂಪೆನಿಯ ಒಳ್ಳೆಯ ಕಾರ್ಡ್ ಇರುವವರಿಗೂ ಇಂದು ಕಾಣದ ಬಿಲ್ಲು ಮುಂದಿನ ವರ್ಷದ ಪ್ರೀಮಿಯಂನಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡ ಸ್ಕ್ಯಾನಿಂಗ್‌ಗಳಿಗೆ ವಿಮಾ ಕಂಪೆನಿಯವರು ಮೊದಲೇ ಅನುಮತಿ ಕೇಳುವುದು ನಮಗೆ ಕಿರಿಕಿರಿ ಎನಿಸಿದರೂ ಬೇಡದ್ದನ್ನು ತಡೆಯುವ ಒಂದು ಜರಡಿಯೂ ಹೌದು. ಅವರೂ ತಮ್ಮ ಲಾಭ ನೋಡುವವರೇ ಆದುದರಿಂದ ಬೇಕಾದದ್ದನ್ನೂ ತಡೆದಾರು, ಆಗ ವೈದ್ಯರ ಪತ್ರದೊಂದಿಗೆ ಮತ್ತೆ ಕೇಳಬೇಕು.

ವಿಸಿಟ್ ವೀಸಾದಲ್ಲಿ ಬಂದ ತಂದೆ ತಾಯಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೆಚ್ಚಿನವರಿಗೆ ತುರ್ತು ಚಿಕಿತ್ಸೆಗಷ್ಟೇ ವಿಮೆ ಇರುತ್ತದೆ, ಉಳಿದದ್ದೆಲ್ಲಾ ಮಗ ಮಗಳ ಕಿಸೆಯಿಂದಲೇ. ಅವರು ಬರುವಾಗಲೇ ಹಳೆಯ ರಿಪೋರ್ಟ್‌ಗಳು, ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ತರುವಂತೆ ಹೇಳಿ.

ಏನು ಕೇಳಬೇಕು? ಹೇಗೆ ಕೇಳಬೇಕು?

2012ರಲ್ಲಿ ಅಮೆರಿಕದ ವೈದ್ಯರೇ ಬೇಡದ ಪರೀಕ್ಷೆಗಳ ವಿರುದ್ಧ ಒಂದು ಆಂದೋಲನ ಆರಂಭಿಸಿದರು. "ಜಾಣತನದಿಂದ ಆರಿಸೋಣ" ಎಂಬ ಅರ್ಥದ ಹೆಸರಿನ ಆ ಆಂದೋಲನ ಹಲವು ದೇಶಗಳಿಗೆ ಹಬ್ಬಿತು. ರೋಗಿಗಳು ಕೇಳಬೇಕಾದ ಐದು ಪ್ರಶ್ನೆಗಳನ್ನು ಅದು ಕಲಿಸಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇವು:

1. ಡಾಕ್ಟ್ರೇ, ಈ ಟೆಸ್ಟ್ ನಿಜವಾಗಿ ಬೇಕಾ?
2. ಇದರಿಂದ ಏನಾದರೂ ತೊಂದರೆ ಉಂಟಾ?
3. ಇದಕ್ಕಿಂತ ಸರಳವಾದ ದಾರಿ ಇದೆಯಾ?
4. ಸ್ವಲ್ಪ ದಿನ ಕಾದು ನೋಡಿದರೆ ಏನಾದೀತು?
5. ಖರ್ಚು ಎಷ್ಟು, ಇನ್ಶೂರೆನ್ಸ್‌ನಲ್ಲಿ ಬರುತ್ತದಾ?

ಇದಕ್ಕೆ ನಮ್ಮದೊಂದು ಆರನೆಯ ಪ್ರಶ್ನೆ ಸೇರಿಸುತ್ತೇವೆ: "ರಿಪೋರ್ಟ್ ಹೇಗೆ ಬಂದರೂ ನೀವು ಕೊಡುವ ಔಷಧಿ ಇದೇನಾ?" ಉತ್ತರ "ಹೌದು" ಎಂದಾದರೆ ಆ ಟೆಸ್ಟ್ ಯಾಕೆ ಎಂದು ವೈದ್ಯರೇ ಯೋಚಿಸುತ್ತಾರೆ. ಆರರಲ್ಲಿ ಇದೊಂದನ್ನು ಕೇಳಿದರೂ ಸಾಕು.

ವೈದ್ಯರನ್ನು ದೇವರಂತೆ ಕಂಡು ಕೈಮುಗಿಯುವ ಸಂಸ್ಕೃತಿ ನಮ್ಮದು. ಪ್ರಶ್ನೆ ಕೇಳುವುದು ಅಗೌರವ ಎಂದು ನಮ್ಮ ಹಿರಿಯರು ಸುಮ್ಮನಿರುತ್ತಾರೆ. ವಿನಯದಿಂದ ಕೇಳಿದ ಪ್ರಶ್ನೆಗೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಬದಲಿಗೆ, "ಇವರು ಕಾದು ನೋಡಲು ತಯಾರಿದ್ದಾರೆ, ನಾಳೆ ನನ್ನ ಮೇಲೆ ಹಾರುವವರಲ್ಲ" ಎಂದು ಅವರಿಗೂ ಧೈರ್ಯ ಬರುತ್ತದೆ. ಮೇಲೆ ಹೇಳಿದ ಭಯ ಎಂಬ ಕಾರಣಕ್ಕೆ ಇದೇ ಮದ್ದು. ಟೆಸ್ಟ್ ಬರೆಯದೆ ಹತ್ತು ನಿಮಿಷ ಮಾತನಾಡಿದ ವೈದ್ಯರ ಫೀಸ್ ಕೊಡುವಾಗ ಮುಖ ಸಣ್ಣ ಮಾಡದಿರುವುದೂ ನಮ್ಮ ಕರ್ತವ್ಯ.

ಊರಿನ ಆಸ್ಪತ್ರೆಗಳಿಗೆ ಸಂಬಂಧಿಸಿ ಎರಡು ವಿಷಯ ತಿಳಿದಿರಲಿ. 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು. ದೂರದಲ್ಲಿರುವ ಮಕ್ಕಳಿಗೆ ಇದು ಬಹಳ ಉಪಯೋಗದ ನಿಯಮ. ಕಡತ ತರಿಸಿಕೊಂಡು ಇಲ್ಲಿನ ಪರಿಚಿತ ವೈದ್ಯರಿಗೆ ತೋರಿಸಿ ಎರಡನೇ ಅಭಿಪ್ರಾಯ ಪಡೆಯಬಹುದು. ಎರಡನೆಯದು, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2007ರ ಈ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ನವೆಂಬರ್‌ನಲ್ಲಿ ಮುಷ್ಕರ ಹೂಡಿದ್ದು ನೆನಪಿರಬಹುದು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಕೆಲವು ಬದಲಾವಣೆಗಳೊಂದಿಗೆ ಅದು ಅಂಗೀಕಾರವಾಯಿತು. ರೋಗಿಗಳ ಹಕ್ಕುಗಳ ಸನ್ನದು, ದರಪಟ್ಟಿ ಪ್ರದರ್ಶನ, ಜಿಲ್ಲಾ ಮಟ್ಟದ ದೂರು ವ್ಯವಸ್ಥೆ ಅದರಲ್ಲಿವೆ. ದುಬೈಯಲ್ಲಿ ದೂರುಗಳಿದ್ದರೆ ದುಬೈ ಹೆಲ್ತ್ ಅಥಾರಿಟಿಗೆ ಸಲ್ಲಿಸಬಹುದು.

ಇವನ್ನು ಮಾತ್ರ ಮುಂದೂಡಬೇಡಿ

ಈ ಲೇಖನ ಓದಿ ಯಾರೂ ಬೇಕಾದ ಪರೀಕ್ಷೆಯನ್ನು ಬಿಡಬಾರದು. ಎದೆ ಹಿಂಡಿದಂತಾಗಿ ಬೆವರುವುದು, ಮುಖ ಅಥವಾ ಕೈಕಾಲಿನ ಒಂದು ಬದಿ ಸೋಲುವುದು, ಮಾತು ತೊದಲುವುದು, ಹಿಂದೆಂದೂ ಬಾರದಂತಹ ಹಠಾತ್ ತಲೆನೋವು, ತಲೆಗೆ ಪೆಟ್ಟಾಗಿ ವಾಂತಿ ಅಥವಾ ಮಂಪರು ಬರುವುದು, ಇವೆಲ್ಲಾ ತುರ್ತು. ಇಲ್ಲಿ ಪ್ರಶ್ನೆ ಕೇಳುತ್ತಾ ಕೂರುವ ಸಮಯವಲ್ಲ. ಬೆನ್ನುನೋವಿನ ಜೊತೆ ಕಾಲಿನಲ್ಲಿ ಶಕ್ತಿ ಕುಂದಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಬಂದಿದ್ದರೆ ಸ್ಕ್ಯಾನಿಂಗ್‌ಗೆ ತಡ ಮಾಡಬಾರದು. ಕೆಮ್ಮಿನಲ್ಲಿ ಅಥವಾ ಮಲದಲ್ಲಿ ರಕ್ತ, ಎದೆಯಲ್ಲಿ ಗಂಟು ಕಂಡರೂ ಅಷ್ಟೇ. ವೀಸಾ ಮೆಡಿಕಲ್‌ನ ರಕ್ತಪರೀಕ್ಷೆ, ಎಕ್ಸ್‌ರೇಗಳು ಸರಕಾರದ ನಿಯಮ, ಅವುಗಳಿಗೆ ಈ ಚರ್ಚೆ ಅನ್ವಯಿಸುವುದಿಲ್ಲ.

ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದ್ದು ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ. ಇಂದಿಗೂ ಅದು ಸುಳ್ಳಾಗಿಲ್ಲ. ಪರೀಕ್ಷೆ ಎಂಬುದು ವೈದ್ಯರ ಮನಸ್ಸಿನಲ್ಲಿರುವ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಸಾಧನ. ಪ್ರಶ್ನೆಯೇ ಇಲ್ಲದೆ ಉತ್ತರ ಹುಡುಕುತ್ತಾ ಹೋದರೆ ಸಿಗುವುದು ಗೊಂದಲ ಮಾತ್ರ. ಇಲ್ಲಿ ಬರೆದದ್ದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ದೇಹಸ್ಥಿತಿಗೆ ಏನು ಬೇಕು ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೊಡನೆಯೇ ಮಾತನಾಡಿ ನಿರ್ಧರಿಸಿ. ಮುಂದಿನ ಸಲ ಊರಿನಿಂದ ಫೋನ್ ಬಂದಾಗ, "ಎಲ್ಲಾ ಚೆಕ್ ಮಾಡಿಸಿ" ಎನ್ನುವ ಮೊದಲು "ಅಮ್ಮಾ, ಡಾಕ್ಟರ್ ಏನು ಹೇಳಿದರು?" ಎಂದು ಐದು ನಿಮಿಷ ಹೆಚ್ಚು ಮಾತನಾಡಿ ಎಂಬುದು ನಮ್ಮ ವಿನಂತಿ.

ಸರ್ವರಿಗೂ ಆರೋಗ್ಯ ಭಾಗ್ಯ ಲಭಿಸಲಿ.